ಟವಲ್ಲಿನ ಕೆಳಗಿನ ವಂಶವೃಕ್ಷ

ನಮ್ಮ ದೊಡ್ಡಪ್ಪ ಎಲ್ಲಿಗೆ ಹೊರಟಿದ್ದಾರೆಂದು ಅವರ ಚಪ್ಪಲಿಗೂ ಗೊತ್ತಿರುವುದಿಲ್ಲ! ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ?" ಎಂದರೆ, "ನಿಂಗ್ಯಾಕಪ್ಪ? ಕೊನೇ ಸ್ಟಾಪಿಗೆ ಕೊಡು, ಬೇಕಾದ್ ಕಡೆ ಇಳ್ಕತೀನಿ" ಎನ್ನುವ ಆಸಾಮಿ. ದನದ ದಳ್ಳಾಳಿಯಾಗಿದ್ದವರು. ಸಂತೆಯಲ್ಲಿ ಬೇರೆಯವರಿಗೆ ಕಾಣದಂತೆ ಟವಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಹೇಳಿ ಹೇಳಿ, ಎಷ್ಟು ಮುದ್ದೆ ಬೇಕೆಂಬುದನ್ನೂ ದೊಡ್ಡಮ್ಮನಿಗೆ ಹಾಗೇ ಹೇಳುತ್ತಿದ್ದರು!

ಇಂಥವರು ಒಂದು ದಿನ ನನ್ನನ್ನು ಹಿತ್ತಿಲಿಗೆ ಕರೆದು, "ನಮ್ ವಂಶವೃಕ್ಷ ಮಾಡ್ಬೇಕು ಕಣ್ಲಾ, ಕಂಪ್ಯೂಟರ್ನಲ್ಲಿ" ಎಂದರು. ನಮ್ಮ ವಂಶಕ್ಕೆ ಮೊದಲ ಡಿಗ್ರಿ ನನ್ನದು. ಕುರಿ ಮೇಯಿಸಿಕೊಂಡೇ ಓದಿದ್ದು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆದರೆ ಡಿಗ್ರಿ ಬಂದ ಮೇಲೆ ಟಿವಿ ರಿಮೋಟು ಕೆಟ್ಟರೂ ನನ್ನನ್ನೇ ಕರೆಯುತ್ತಾರೆ!

ದೊಡ್ಡಪ್ಪನ ಆಸೆ ಒಂದೇ: ಮರದಲ್ಲಿ ತಂಗಿ ಗೌರಮ್ಮನ ಹೆಸರಿರಬೇಕು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಬೇರೆ ಜಾತಿಯವರೊಬ್ಬರನ್ನು ಅತ್ತೆ ಮೆಚ್ಚಿ ಮದುವೆಯಾದ ದಿನವೇ, ಆಕೆಯ ಹೆಸರು ಈ ಮನೆಯಲ್ಲಿ ಎತ್ತಕೂಡದೆಂದು ತಾತ ಹೇಳಿದ್ದರು. ತಾತ ಹೋದರು, ಅಪ್ಪಣೆ ಉಳಿಯಿತು. ದೊಡ್ಡಪ್ಪ ಕದ್ದು ಹೋಗಿ ತಂಗಿಯನ್ನು ನೋಡಿ ಬರುವುದು ನನಗೊಬ್ಬನಿಗೇ ಗೊತ್ತಿತ್ತು.

ಹಿತ್ತಿಲಲ್ಲೇ ಲ್ಯಾಪ್‌ಟಾಪ್ ತೆರೆದು ವಂಶವೃಕ್ಷದ ಸಾಫ್ಟ್‌ವೇರ್ ಹಾಕಿದೆ. ನೋಂದಣಿ ಕೇಳಿತು.

"ನಿನ್ ಹೆಸ್ರು ಹಾಕ್ಲಾ ದೊಡ್ಡಪ್ಪ?"

"ಬ್ಯಾಡ. ಬಸವ ಅಂತ ಹಾಕು."

"ಯಾವ ಬಸವ?"

"ನಮ್ಮೆತ್ತು ಕಣ್ಲಾ! ಅದ್ನ ಯಾರು ಹುಡುಕ್ಕಂಡ್ ಬತ್ತಾರೆ?"

ಫೋನ್ ನಂಬರ್ ಕೇಳಿದ್ದೇ ತಡ, ಲ್ಯಾಪ್‌ಟಾಪಿನ ಮೇಲೆ ಟವಲ್ ಬಿತ್ತು! "ಗೌರಿ ಮನೆ ಯಾವ್ ಬೀದೀಲೈತೆ ಅಂತ ಈ ಕಂಪ್ನಿಯೋರು ನಮ್ ನೆಂಟ್ರಿಗೆಲ್ಲ ಹೇಳ್ಬುಟ್ರೆ? ಅವಳ ಬಾಗ್ಲಿಗೋಗಿ ರಂಪ ಮಾಡಾಕಿಲ್ವಾ?" ಎಂದು ಪಿಸುಗುಟ್ಟಿದರು.

ನಗು ಬಂತು. ಆದರೆ ಆ ಭಯ ಸುಳ್ಳಲ್ಲ, ನಮ್ಮ ನೆಂಟರನ್ನು ನಾನೂ ಬಲ್ಲೆ. ಕಂಪನಿಗೇ ಫೋನ್ ಮಾಡಿದೆ. ಪುಣ್ಯಕ್ಕೆ ಕನ್ನಡದ ಹುಡುಗಿ ಸಿಕ್ಕಳು. "ನೆಂಟರ ವಿವರ ನಿಮ್ಮ ಕಂಪ್ಯೂಟರಲ್ಲೇ ಇರುತ್ತೆ ಸರ್. ನಮಗೆ ಬರೋದು ನೋಂದಣಿ ಮಾಡಿದವರ ಹೆಸರು, ಇಮೇಲ್ ಅಷ್ಟೇ. ಫೋನ್ ನಂಬರ್ ಬೇಡ ಅಂದ್ರೆ ಬಿಟ್ಬಿಡಿ."

ದೊಡ್ಡಪ್ಪ ಅಷ್ಟಕ್ಕೇ ನಂಬುತ್ತಾರೆಯೇ? ಫೋನ್ ಕಿತ್ತುಕೊಂಡರು. "ಅದಿರ್ಲಿ, ನೀನ್ಯಾವೂರವ್ವ?"

"ಅದನ್ನ ಹೇಳೋ ಹಾಗಿಲ್ಲ ಸರ್."

"ಯಾರ ಮಗ್ಳು?"

"ಹೇಳಲ್ಲ ಸರ್."

ದೊಡ್ಡಪ್ಪನ ಮುಖ ಅರಳಿತು! "ನಂಬಬೋದು ಕಣ್ಲಾ! ಹೆತ್ತೋರ್ ಹೆಸ್ರನ್ನೇ ಬುಟ್ಕೊಡ್ನಿಲ್ಲ, ಇನ್ನು ನಮ್ದ ಬುಟ್ಕೊಡ್ತಾಳಾ?"

ಟವಲ್ ಸರಿಸಿ, ನನ್ನ ಹೆಸರಿನಲ್ಲೇ ನೋಂದಣಿ ಮುಗಿಸಿದೆ. ದೊಡ್ಡಪ್ಪ ಗೋಡೆಗೊರಗಿ ಉಸ್ಸೆಂದರು. ಆ ನಿರಾಳದಲ್ಲಿ ದನಿ ತಗ್ಗಿಸುವುದನ್ನೇ ಮರೆತು, "ಬರಿ ಮಗಾ, ಗೌರಮ್ಮ! ನನ್ ಪಕ್ಕಕ್ಕೇ ಬರಿ!" ಎಂದುಬಿಟ್ಟರು. ಆ ಮನೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ನಾನು ಕೇಳಿದ್ದು ಅದೇ ಮೊದಲು.

ಒಳಗೆ ಖಾರ ರುಬ್ಬುತ್ತಿದ್ದ ಸದ್ದು ನಿಂತಿತು. ದೊಡ್ಡಮ್ಮ ಬಾಗಿಲಿಗೆ ಬಂದರು. ದೊಡ್ಡಪ್ಪ ಮತ್ತೆ ಟವಲ್ಲಿಗೆ ಕೈ ಹಾಕಿದರು.

"ಅವಳ ಗಂಡನ್ನೂ ಇಬ್ರು ಹೆಣ್ಮಕ್ಳನ್ನೂ ಬರ್ಕೊ ಮಗಾ. ಹೆಸ್ರು ನಾನೇಳ್ತೀನಿ."

"ನಿಂಗ್ಯಾರ್ ಹೇಳಿದ್ರಮ್ಮಿ?" ಎಂದರು ದೊಡ್ಡಪ್ಪ.

"ಗೌರಿನೇ. ನಿಮ್ಗೆ ಹೇಳ್ಬ್ಯಾಡ ಅಂದಿದ್ಲು, ಹೇಳ್ನಿಲ್ಲ. ಹೋದ್ ವಾರ ದೊಡ್ಡೋಳ್ಗೆ ಮಡ್ಲು ತುಂಬಿ ಬಂದೆ, ಏಳು ತಿಂಗ್ಳು ಈಗ." ಖಾರದ ಕೈಯನ್ನು ದೂರ ಹಿಡಿದು, ದೊಡ್ಡಮ್ಮ ಪರದೆಯತ್ತ ಬಗ್ಗಿದರು.

"ಆ ದೊಡ್ಡೋಳ ಹೆಸ್ರು ಕೆಳ್ಗೆ ಒಸಿ ಜಾಗ ಬುಟ್ಟಿರು ಮಗಾ."