ಮರಿಯಮ್ಮನವರ ಪ್ರಾರ್ಥನಾ ಪೀಠ

“ಮರದಾಗ ನಾ ಮಾಡಲಾರದ ಸಾಮಾನು ಬ್ರಹ್ಮನೂ ಇನ್ನೂ ಹುಟ್ಟಿಸಿಲ್ಲ! ಮುದುಕಿ ಮನಸ್ಸು ಕರಗಿಸಿ ಮನಿ ಉಳಿಸ್ತೀನಿ, ನೋಡ್ತಿರು!” ಎಂದು ಇರಣ್ಣ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ.

ತೊಂಬತ್ತೆರಡನೇ ಇಸವಿಯ ಮಾತು. ಗದಗಿನ ಇರಣ್ಣ ಪೀಣ್ಯದ ಫೌಂಡ್ರಿಯೊಂದರಲ್ಲಿ ಎರಕದ ಅಚ್ಚು ಒತ್ತಲು ಬೇಕಾದ ಮರದ ಮಾದರಿ, ಅಂದರೆ ಪ್ಯಾಟರ್ನ್, ಮಾಡುವ ಮೇಸ್ತ್ರಿ. ಮನೆ ಮಾಲೀಕರಾದ ಮರಿಯಮ್ಮ, ಅಕ್ಕನ ಮಗನಿಗೆ ಬೇಕೆಂದು, ತಿಂಗಳ ಕೊನೆಗೆ ಮನೆ ಖಾಲಿ ಮಾಡಲು ಹೇಳಿಬಿಟ್ಟಿದ್ದರು. ಮನೆ ಬಾಗಿಲಿಗೆ ನೀರು, ಕೂಗಳತೆಯಲ್ಲಿ ಕೆಲಸ. ಇಂಥ ಮನೆ ಬಿಟ್ಟು ಹೋಗಲು ಯಾರಿಗೆ ಮನಸ್ಸು ಬಂದೀತು? ಅಷ್ಟರಲ್ಲಿ ಮರಿಯಮ್ಮನವರಿಗೆ ಮಂಡಿನೋವು, ನೆಲದ ಮೇಲೆ ಮೊಣಕಾಲೂರಿ ಪ್ರಾರ್ಥಿಸಲು ಆಗುತ್ತಿಲ್ಲ ಎಂಬ ಶುಭವಾರ್ತೆ ಬಂತು! ಮೊಣಕಾಲಿಗೆ ಮೆತ್ತನೆಯ ಮಣೆ, ಮುಂದೆ ಬೈಬಲ್ ಇಡಲು ಓರೆ ಹಲಗೆ ಇರುವ ಪೀಠ ಮಾಡಿಕೊಡುತ್ತೇನೆಂದು ಇರಣ್ಣ ಮಾತು ಕೊಟ್ಟು ಬಂದ.

“ಅವರ ದೇವರು ಬ್ಯಾರೆ. ಅಳತಿ ಗೊತ್ತೈತೇನ್ರೀ?” ಎಂದಳು ಹೆಂಡತಿ ಮಹಾದೇವಿ.

“ದೇವರ ಅಳತಿ ಯಾರಿಗೆ ಬೇಕಾಗೈತಿ? ಮುದುಕಿ ಅಳತಿ ತಗೊಂಡೀನಿ!”

ಎರಡು ಭಾನುವಾರ ಉಳಿ ಕುಣಿಯಿತು. ಪೀಠಕ್ಕೆ ಪಾಲಿಶ್ ಬಿದ್ದ ದಿನ ಪಾದ್ರಿಗಳೇ ಬಂದು ತೀರ್ಥ ಚಿಮುಕಿಸಿದರು. ಮರಿಯಮ್ಮ ಮೆಲ್ಲಗೆ ಮೊಣಕಾಲೂರಿ, ಕಣ್ಣು ಮುಚ್ಚಿ “ಸ್ವಾಮೀ...” ಎಂದರು.

ಟಕ್! ಪೀಠ ನಟ್ಟನಡುವೆ ಇಬ್ಭಾಗ! ಎಡಹೋಳು ಎಡಕ್ಕೆ, ಬಲಹೋಳು ಬಲಕ್ಕೆ, ನಡುವೆ ನೆಲದ ಮೇಲೆ ಮರಿಯಮ್ಮ! ಗಾಬರಿಯಲ್ಲಿ ಪಾದ್ರಿಗಳ ಕೈಲಿದ್ದ ತೀರ್ಥವೆಲ್ಲ ಇರಣ್ಣನ ತಲೆಗೆ ಅಭಿಷೇಕವಾಯಿತು.

ಮುದುಕಿಗೆ ಏನೂ ಆಗಿರಲಿಲ್ಲ, ಪುಣ್ಯ. ಆದರೆ ಆದದ್ದೇನೆಂದು ಇರಣ್ಣನಿಗೆ ಮಾತ್ರ ತಿಳಿಯಿತು. ಮರಳಿನಲ್ಲಿ ಅಚ್ಚು ಒತ್ತಿದ ಮೇಲೆ ಹೊರಗೆತ್ತಲು ಸುಲಭವಾಗಲೆಂದು ಫೌಂಡ್ರಿಯ ಪ್ಯಾಟರ್ನನ್ನು ಎರಡು ಹೋಳಾಗಿ ಮಾಡಿ, ಅಂಟು ಹಾಕದೆ ಬರೀ ಗೂಟದಲ್ಲಿ ಜೋಡಿಸುತ್ತಾರೆ. ಹದಿನೈದು ವರ್ಷದ ಅಭ್ಯಾಸ! ಕೈ ತಾನಾಗಿಯೇ ಪೀಠವನ್ನೂ ಹಾಗೇ ಮಾಡಿಟ್ಟಿತ್ತು. ಮನೆ ಹೋಯಿತೆಂದುಕೊಂಡು ಅವನು ಹೋಳುಗಳನ್ನು ಎತ್ತಿಕೊಂಡ.

ಮರಿಯಮ್ಮ ಕೂತಲ್ಲಿಂದಲೇ ಗುಡುಗಿದರು: “ನನ್ನ ಕೆಡವಿ, ಮನೆ ಖಾಲಿ ಮಾಡ್ಕೊಂಡು ಓಡ್ಹೋಗ್ಬೋದು ಅನ್ಕೊಂಡ್ಯಾ? ಅಕ್ಕನ ಮಗ ಕಾಯ್ಲಿ! ಇದು ಸರಿ ಆಗೋ ತನಕ ನೀನು ಈ ಕಾಂಪೌಂಡ್ ಬಿಟ್ಟು ಕದಲಕೂಡ್ದು!”

ಇರಣ್ಣನಿಗೆ ಹೋದ ಜೀವ ಬಂದಂತಾಯಿತು. ಮತ್ತೆ ಎದೆ ಉಬ್ಬಿಸಿದ. “ಅಮ್ಮಾರ, ಅರ್ಧ ತಾಸಿನ ಕೆಲಸರೀ! ಅಂಟು ಹಚ್ಚಿದ್ರ—”

ಮಹಾದೇವಿ ಅವನ ತೊಡೆ ಚಿವುಟಿ ಪಿಸುಗುಟ್ಟಿದಳು:

“ಬಾಯಿ ಮುಚ್ಚರಿ! ದಡ್ಡತನದಿಂದ ಉಳಿದ ಮನೀನ ಜಾಣತನದಿಂದ ಕಳೀಬ್ಯಾಡ್ರಿ. ಅಂಟು ಒಣಗಾಕ ಐದು ವರ್ಷ ಬೇಕು ಅನ್ರಿ!”