ಅತ್ತೆಗೆ ಮೂವತ್ತು ಪರ್ಸೆಂಟ್ ರಿಯಾಯಿತಿ

ನನ್ನ ಹೆಂಡತಿ ರಾಗಿಣಿಯ ವ್ಯಾಪಾರವನ್ನು ಒಂದೇ ಭಾನುವಾರದಲ್ಲಿ ಜಗತ್ಪ್ರಸಿದ್ಧ ಮಾಡಿಬಿಡುತ್ತೇನೆಂದು ಕಾಫಿ ಲೋಟ ಕೆಳಗಿಡುವ ಮೊದಲೇ ಘೋಷಿಸಿದೆ! ವ್ಯಾಪಾರವೆಂದರೆ ಕೌದಿಯದು. ಮಲ್ಲತ್ತಹಳ್ಳಿಯಲ್ಲಿರುವ ಗುರವ್ವ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೈಯಲ್ಲೇ ಹೊಲಿಯುತ್ತಾರೆ. ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯಿಂದ ರಾಗಿಣಿ ಅವನ್ನು ವೆಬ್‌ಸೈಟಿನಲ್ಲಿ ಮಾರುತ್ತಾಳೆ. ಫೋಟೋಗಳಲ್ಲಿ ಕೌದಿಯನ್ನು ಗಲ್ಲದ ಕೆಳಗೆ ಹರಡಿ ಹಿಡಿದು ನಿಲ್ಲುವವರು ನಮ್ಮ ಅತ್ತೆ ಲಕ್ಷ್ಮಿದೇವಮ್ಮ.

ತೊಂದರೆ ಒಂದೇ. ಫೋಟೋಗಳು ದಡೂತಿ. ಸೈಟು ತೆರೆದುಕೊಳ್ಳುವಷ್ಟರಲ್ಲಿ ಗಿರಾಕಿಗಳಿಗೆ ನಿದ್ದೆ ಬಂದು, ಮನೆಯಲ್ಲಿರುವ ಕಂಬಳಿಯನ್ನೇ ಹೊದ್ದು ಮಲಗಿಬಿಡುತ್ತಿದ್ದರು. ಅದಕ್ಕೆ ನಾನೊಂದು ತಂತ್ರಾಂಶ ಹುಡುಕಿದೆ. ಸೈಟಿಗೆ ಹಾಕಿದ ಪ್ರತಿ ಫೋಟೋವನ್ನೂ ಅದು ತಾನಾಗಿ ಚಿಕ್ಕದು ಮಾಡಿ, ಚೌಕಕ್ಕೆ ಕತ್ತರಿಸಿ, ತೂಕ ಇಳಿಸುತ್ತದೆ. ನನ್ನ ಹೊಟ್ಟೆಗೆ ವರ್ಷಗಟ್ಟಲೆ ಆಗದ್ದು ಅದಕ್ಕೆ ಕ್ಷಣದ ಕೆಲಸ.

"ಮೊದ್ಲು ಒಂದು ಫೋಟೋಗೆ ಮಾಡಿ ನೋಡ್ರೀ," ಎಂದಳು ರಾಗಿಣಿ.

ಒಂದಕ್ಕೆ ಮಾಡುವುದು ಹೇಡಿಗಳ ಲಕ್ಷಣ. ನಾನು ಎಲ್ಲಕ್ಕೂ ಟಿಕ್ ಹಾಕಿದೆ. ಮೂಲ ಚಿತ್ರಗಳನ್ನು ಅಳಿಸಲೇ ಎಂದು ಅದು ಕೇಳಿತು. ಜಾಗ ಉಳಿಯಲಿ ಎಂದು ಅದಕ್ಕೂ ಹೂಂ ಎಂದೆ. ಫೋನಿನಲ್ಲಿದ್ದ ಪ್ರತಿಗಳನ್ನು ಮೊದಲೇ ಅಳಿಸಿಯಾಗಿತ್ತು. ಸೈಟು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ತೆರೆದದ್ದನ್ನು ನೋಡಿದೆ, ತೆರೆದದ್ದು ಏನೆಂದು ನೋಡಲಿಲ್ಲ.

ವಾರ ಕಳೆದರೂ ಒಂದೂ ಆರ್ಡರ್ ಬರಲಿಲ್ಲ. ಗುರವ್ವ ಫೋನ್ ಮಾಡಿ, ಹೊಲಿದಿಟ್ಟ ಕೌದಿಗಳಿಂದ ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಇನ್ನು ಹೊಲಿಯಲೋ ಬೇಡವೋ ಎಂದು ಕೇಳಿದರು. ರಾಗಿಣಿಯ ಮುಖ ಬಾಡಿತು. ಸೈಟು ತೆರೆದು ನೋಡಿದವಳು ಫೋನನ್ನು ನನ್ನ ಕೈಗಿಟ್ಟಳು.

ಆ ತಂತ್ರಾಂಶ ಬಹಳ ಮರ್ಯಾದಸ್ಥ. ಚಿತ್ರದಲ್ಲಿ ಮುಖ ಕಂಡರೆ ಮುಖವನ್ನು ಉಳಿಸಿ ಮಿಕ್ಕಿದ್ದನ್ನು ಕತ್ತರಿಸುತ್ತದೆ. ಸಾಲುಸಾಲಾಗಿ, ಚೌಕಚೌಕವಾಗಿ ಅತ್ತೆ ನಗುತ್ತಿದ್ದರು. ಕೌದಿಯ ಒಂದು ದಾರವೂ ಇರಲಿಲ್ಲ. ಪ್ರತಿ ಮುಖದ ಕೆಳಗೂ ಬರೆದಿತ್ತು: "ಅಪ್ಪಟ ದೇಸಿ. ಹಳೆಯದಾದಷ್ಟೂ ಮೆತ್ತಗಾಗುತ್ತದೆ. ಮೂವತ್ತು ಪರ್ಸೆಂಟ್ ರಿಯಾಯಿತಿ. ಒಮ್ಮೆ ಕೊಂಡರೆ ವಾಪಸ್ ಪಡೆಯುವುದಿಲ್ಲ."

ಅಷ್ಟರಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು ಬಂದರು. ಒಂದೊಂದನ್ನೂ ಓದಿದರು. ನಾನು ಚಪ್ಪಲಿ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿದೆ.

"ಅಳಿಯಂದ್ರೇ, ಮುಖ ಚೆನ್ನಾಗೇ ಬಂದಿದೆ," ಎಂದರು. "ರಿಯಾಯಿತಿ ಒಂದು ಹಾಕ್ಬಾರ್ದಿತ್ತು."

ಎಲ್ಲ ಫೋಟೋಗಳನ್ನೂ ಹೊಸದಾಗಿ ತೆಗೆಯಬೇಕಾಯಿತು. ಗುರವ್ವ ಆಟೋ ತುಂಬ ಕೌದಿ ತಂದರು. ಈ ಸಲ ಯಾರ ಮುಖವೂ ಕಾಣಬಾರದೆಂದು ತೀರ್ಮಾನವಾಗಿ, ಕೌದಿಯ ಹಿಂದೆ ನಿಲ್ಲುವ ಶಿಕ್ಷೆ ನನಗಾಯಿತು. ತಾರಸಿಯ ಬಿಸಿಲಲ್ಲಿ ಕೋಲೊಂದನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ಅದರ ಮೇಲಿಂದ ಒಂದಾದ ಮೇಲೊಂದು ಕೌದಿ ಇಳಿಬಿದ್ದವು. ನಾನು ಬೆವರಲ್ಲಿ ತೊಯ್ದೆ. ನೋಡಲಾರದೆ ಅತ್ತೆ ಮಜ್ಜಿಗೆ ತಂದು, ಕೌದಿಯ ಹಿಂದೆಯೇ ಬಂದು ಕುಡಿಸಿ ಹೋದರು.

ಫೋಟೋಗಳು ಸೈಟಿಗೆ ಏರಿದ ಸಂಜೆಯೇ ನಂದಿನಿ ಲೇಔಟಿನಿಂದ ಒಬ್ಬರು ಫೋನ್ ಮಾಡಿ, ದೊಡ್ಡ ಕೌದಿ ಬೇಕೆಂದರು. ಕೌದಿಯನ್ನು ಅಷ್ಟು ಚೆನ್ನಾಗಿ ಇಳಿಬಿಟ್ಟಿರುವ ಆ ಸ್ಟ್ಯಾಂಡನ್ನೂ ಮಾರುತ್ತೀರಾ ಎಂದು ವಿಚಾರಿಸಿದರು.

ತೋಳಿಗೆ ನೋವಿನ ಎಣ್ಣೆ ಹಚ್ಚಿಕೊಂಡು ಸೋಫಾದಲ್ಲಿ ಬಿದ್ದಿದ್ದ ನನ್ನನ್ನು ರಾಗಿಣಿ ಒಮ್ಮೆ ನೋಡಿದಳು.

"ಇಲ್ಲ ಮೇಡಂ," ಎಂದಳು. "ಅದು ಒಂದೇ ಪೀಸ್ ಇರೋದು. ಸ್ವಲ್ಪ ಅಲ್ಲಾಡುತ್ತೆ, ಆದ್ರೂ ಮನೇಲಿ ಬೇಕಾಗುತ್ತೆ."