ವಾಚನಾಲಯಕ್ಕೆ ಮಂದಿ ಕೂಡಿಸಿದ್ದು

ಗ್ರಂಥಾಲಯದ ನೌಕರಿ ಎಂದರೆ ನೆರಳಲ್ಲಿ ಕುಳಿತು ಪುಸ್ತಕದ ಧೂಳು ಝಾಡಿಸುವುದು ಎಂದು ನಮ್ಮ ಕಡೆಯ ಮಂದಿ ತಿಳಿದಿದ್ದಾರೆ. ನಾನೂ ಹಾಗೆ ತಿಳಿದೇ ಸೇರಿದವಳು. ಆದರೆ ನಾಲ್ಕು ಮಂದಿ ಬಂದು ಹೋಗುವ ಜಾಗ ಯಾವುದೇ ಇರಲಿ, ಅಲ್ಲಿ ದಿನಕ್ಕೊಂದು ಫಜೀತಿ ಆಗದೆ ಇರುವುದಿಲ್ಲ. ಅದರಲ್ಲೂ ‘ಉಚಿತ ಕಾರ್ಯಕ್ರಮ’ ಎಂದು ಬೋರ್ಡು ಬರೆದ ದಿನ ಫಜೀತಿ ನಮಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಕುಳಿತಿರುತ್ತದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ನಾನು ಆಗ ಬ್ಯಾಡಗಿಯ ಒಂದು ಸಣ್ಣ ಶಾಖೆಯಲ್ಲಿದ್ದೆ. ಬಾಡಿಗೆ ಕೋಣೆ, ಮೂರು ಕಪಾಟು, ಎರಡು ಬೆಂಚು, ಮುಂದೆ ಒಂದಿಷ್ಟು ಅಂಗಳ. ಬೆಳಿಗ್ಗೆ ಪೇಪರ್ ಓದಲು ಹತ್ತು ಮಂದಿ ಹಿರಿಯರು ಬರುತ್ತಿದ್ದರು. ಮನೆಮನೆಗೆ ಕೇಬಲ್ ಬಂದ ಮೇಲೆ ಐದು ಮಂದಿ ಉಳಿದರು.

ಒಂದು ದಿನ ಹಾವೇರಿಯ ಜಿಲ್ಲಾ ಕಚೇರಿಯಿಂದ ಕಾಗದ ಬಂತು. ಎಲ್ಲ ಶಾಖೆಗಳೂ ಸಾರ್ವಜನಿಕರಿಗೆ ಉಚಿತ ಕಾರ್ಯಕ್ರಮ ನಡೆಸಬೇಕು. ಜನವರಿಯಲ್ಲಿ ಸಾಹೇಬರು ಬಂದು ನೋಡುತ್ತಾರೆ. ಮಂದಿ ಬಾರದ ಶಾಖೆಯನ್ನು ಮುಚ್ಚಿ, ಪುಸ್ತಕಗಳನ್ನು ಹಾವೇರಿಗೆ ಒಯ್ಯಲಾಗುವುದು. ನನ್ನನ್ನು ಎಲ್ಲಿಗೋ ಹಾಕುತ್ತಾರೆ, ಅದು ಹೋಗಲಿ. ಆದರೆ ಆ ಐದು ಮಂದಿ ಹಿರಿಯರು ಪೇಪರ್ ಓದಲು ಬಸ್ಸು ಹತ್ತಿ ಹಾವೇರಿಗೆ ಹೋಗುವುದುಂಟೇ? ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ ಬಂತು. ಕಾರ್ಯಕ್ರಮ ಮಾಡಿ ಗೊತ್ತಿದ್ದರೆ ತಾನೇ? ಬೇರೆ ಊರಿನವರು ಹೇಗೆ ಮಾಡುತ್ತಾರೆ ನೋಡಿಕೊಂಡು ಬರೋಣ ಎಂದು ಹೊರಟೆ.

ಹಾವೇರಿಯ ಸಭೆ

ಶ್ರಾವಣ ಮಾಸ. ಹಾವೇರಿಯ ಒಂದು ವಾಚನಾಲಯದಲ್ಲಿ ಉಚಿತ ಉಪನ್ಯಾಸ ಇತ್ತು. ಓದುವ ಹವ್ಯಾಸದ ಬಗ್ಗೆ ಮಾತಾಡಲು ಹೊಸರಿತ್ತಿಯಿಂದ ಖಾದಿ ಉಟ್ಟ ಹಿರಿಯರೊಬ್ಬರು ಬಂದಿದ್ದರು. ವೇದಿಕೆಯ ಮೇಲೆ ಐದು ಕುರ್ಚಿ. ಕೆಳಗೆ ಹದಿನಾಲ್ಕು ಮಂದಿ ಕುಳಿತಿದ್ದರು. ನೋಡಿ ನನ್ನ ಹೊಟ್ಟೆ ಉರಿಯಿತು. ನಮ್ಮಲ್ಲಿ ಅದರ ಅರ್ಧ ಬಂದಿದ್ದರೂ ನಾನು ದೇವರಿಗೆ ಕಾಯಿ ಒಡೆಸುತ್ತಿದ್ದೆ.

ಸಭೆ ನಡೆಸಿಕೊಡುತ್ತಿದ್ದವರು ಬಹಳ ಮರ್ಯಾದಸ್ಥರು. ಮುಂದಿನ ಸಾಲಿನಲ್ಲಿದ್ದ ಪಟಗ ಸುತ್ತಿದ ಯಜಮಾನರೊಬ್ಬರು ಅವರ ಕಣ್ಣಿಗೆ ಬಿದ್ದರು.

“ಹಿರ್ಯಾರು ಕೆಳಗ ಕುಂತಾರ. ಇದು ನಮಗ ಶೋಭಾ ಅಲ್ಲ. ಮ್ಯಾಲೆ ಬರ್ರಿ.”

“ಇರ್ಲಿ ಬಿಡ್ರಿ, ನಾ ಇಲ್ಲೇ ಛಲೋ ಅದೇನಿ,” ಎಂದು ಯಜಮಾನರು ಮೂರು ಸಲ ಹೇಳಿದರು. ನಾಲ್ಕನೆಯ ಸಲಕ್ಕೆ ಎದ್ದು, ತಮ್ಮ ಕುರ್ಚಿಯನ್ನೂ ಎತ್ತಿಕೊಂಡು ಹೋದರು.

ಒಬ್ಬರನ್ನು ಕರೆದ ಮೇಲೆ ಅವರ ಬೀಗರನ್ನು ಬಿಡುವಂತಿಲ್ಲ. ಬೀಗರನ್ನು ಕರೆದ ಮೇಲೆ ಬೀಗರಿಗಿಂತ ವಯಸ್ಸಾದವರನ್ನು ಬಿಡುವಂತಿಲ್ಲ. ಒಬ್ಬರು ವಕೀಲರು, ಒಬ್ಬರು ಡಾಕ್ಟರು, ಒಬ್ಬರು ಮಾಜಿ ಸದಸ್ಯರು. ಒಬ್ಬೊಬ್ಬರ ಹೆಸರು ಕರೆದಂತೆ ಒಂದೊಂದು ಕುರ್ಚಿ ವೇದಿಕೆ ಏರಿತು. ಕಡೆಗೆ ಕೆಳಗೆ ಉಳಿದವರು ನಾನು ಮತ್ತು ಕಿಟ್ಲಿ ಹಿಡಿದು ನಿಂತ ಚಹಾದವನು. ಹೊಸರಿತ್ತಿಯ ಹಿರಿಯರು ಭಾಷಣಕ್ಕೆ ಎದ್ದರು, ಖಾಲಿ ಸಭಾಂಗಣ ನೋಡಿದರು, ಮೈಕನ್ನು ಹಿಂದಕ್ಕೆ ತಿರುಗಿಸಿಕೊಂಡರು. ನಮಗೆ ಬೆನ್ನು ಮಾಡಿ ವೇದಿಕೆಗೇ ಒಂದು ತಾಸು ಮಾತಾಡಿದರು. ನಡುವೆ ಸಭೆ ನಡೆಸುವವರು ನನ್ನನ್ನೂ ಬಿಡಲಿಲ್ಲ.

“ಬ್ಯಾಡಗಿ ಬಾಯಾರು ದೂರಿಂದ ಬಂದಾರ. ಅವರೊಬ್ಬರನ್ನ ಕೆಳಗ ಕುಂದ್ರಿಸೂದು ಸರಿ ಅಲ್ಲ,” ಎಂದರು. ನಾನೂ ಹತ್ತಿ ಕುಳಿತೆ.

ಕಡೆಗೆ ವಂದನಾರ್ಪಣೆ. ಸಭೆ ನಡೆಸಿದ ಮಹಾಶಯರೇ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದನ್ನು ಒಂದಕ್ಷರ ಬಿಡದೆ ಓದಿದರು: “ಇಷ್ಟೊಂದು ಸಂಖ್ಯೆಯಲ್ಲಿ ನೆರೆದು, ಶಾಂತತೆಯಿಂದ ಆಲಿಸಿದ ಸಭಿಕರಿಗೆ ವಂದನೆಗಳು.” ಹೇಳಿ ಚಹಾದವನಿಗೆ ಕೈ ಮುಗಿದರು.

ರಾಣೆಬೆನ್ನೂರಿನ ಓದಿನ ದಿನ

ರಾಣೆಬೆನ್ನೂರಿನಲ್ಲಿ ನನ್ನ ಹಾಗೆಯೇ ಒಂದು ಶಾಖೆ ನೋಡಿಕೊಳ್ಳುವವರೊಬ್ಬರಿದ್ದರು. ಅವರದು ಜಾಣ ತಲೆ. ರಜೆ ಇದ್ದರೆ ಮಂದಿ ಬರುತ್ತಾರೆ ಎಂದು ಲೆಕ್ಕ ಹಾಕಿ ದಸರೆಯ ರಜೆಯಲ್ಲಿ ‘ಉಚಿತ ಓದಿನ ದಿನ’ ಇಟ್ಟರು. ಸದಸ್ಯರಾಗಿರಲಿ, ಬಿಡಲಿ, ಯಾರು ಬೇಕಾದರೂ ಬಂದು ಯಾವ ಪುಸ್ತಕ ಬೇಕಾದರೂ ತೆಗೆದು ಸಂಜೆಯ ತನಕ ಓದಬಹುದು. ನನ್ನನ್ನೂ ಕರೆದಿದ್ದರು. ಆರಿಸಿದ್ದು ಮಾತ್ರ ಖಂಡೇ ಪೂಜೆಯ, ಎಂದರೆ ಆಯುಧ ಪೂಜೆಯ ದಿನ.

ನಾನು ಹೋಗುವ ಹೊತ್ತಿಗೆ ಬಾಗಿಲಿಗೆ ಮಾವಿನ ತೋರಣ, ಕಪಾಟಿಗೆಲ್ಲ ಚೆಂಡು ಹೂವಿನ ಮಾಲೆ, ಪ್ರತಿ ಸಾಲಿಗೂ ಅರಿಷಿಣ ಕುಂಕುಮ. ಸಾಲು ಹಚ್ಚಿ ಮಂದಿ ನಿಂತಿತ್ತು. ನನಗೆ ಕಣ್ಣು ತುಂಬಿ ಬಂತು, ನಮ್ಮ ಮಂದಿಗೆ ಓದಿನ ಮೇಲೆ ಇಷ್ಟು ಪ್ರೀತಿ ಇದೆಯಲ್ಲ ಎಂದು. ಆಮೇಲೆ ನೋಡಿದರೆ ಬಂದವರು ಕೈ ಮುಗಿಯುತ್ತಾರೆ, ಪ್ರಸಾದ ತಗೊಳ್ಳುತ್ತಾರೆ, ಹೋಗುತ್ತಾರೆ. ಟ್ರ್ಯಾಕ್ಟರಿಗೆ ಮಾಲೆ ಒಯ್ಯಲು ಮೇಡ್ಲೇರಿಯಿಂದ ಬಂದಿದ್ದ ರೈತರೊಬ್ಬರು ಒಂದು ಮಾಲೆಯನ್ನು ಪುಸ್ತಕದ ಕಪಾಟಿಗೂ ಹಾಕಿ, “ಮಗ ಹತ್ತನೇತ್ತಾ ಪಾಸಾಗಲಿ” ಎಂದು ಬೇಡಿಕೊಂಡರು.

ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗಿ ಬೋರ್ಡು ನಂಬಿ ಬಂದಿದ್ದಳು. ಒಂದು ಪುಸ್ತಕಕ್ಕೆ ಕೈ ಹಾಕಿದಳೋ ಇಲ್ಲವೋ, ನಮ್ಮ ಜಾಣರು ಓಡಿ ಬಂದರು.

“ತಂಗೀ, ಪೂಜಾಕ್ಕ ಕುಂತಾವ. ಮುಟ್ಟಬಾರ್ದವಾ. ನಾಳೆ ಬನ್ನಿ ಮುಡದ ಮ್ಯಾಲೆ ಬಾ.”

ನಾನು ತಡೆಯಲಾರದೆ ಕೇಳಿದೆ, “ಇವತ್ತ ಓದಿನ ದಿನ ಅಲ್ಲೇನ್ರಿ?”

“ಹೌದ್ರಿ ಬಾಯಾರ. ಆದ್ರ ಇವತ್ತ ಓದಿದ್ರ ಸರಸ್ವತಿ ಸಿಟ್ಟಾಗತಾಳಲ್ರಿ.”

ಸಂಜೆ ವರದಿ ಬರೆಯಲು ಕುಳಿತರು. ‘ಭೇಟಿ ನೀಡಿದವರು’ ಎಂಬಲ್ಲಿ ಇನ್ನೂರು ಎಂದು ದಪ್ಪಗೆ ಬರೆದರು. ‘ಓದಲ್ಪಟ್ಟ ಪುಸ್ತಕಗಳು’ ಎಂಬಲ್ಲಿ ಪೆನ್ನು ನಿಂತಿತು. ಸ್ವಲ್ಪ ಹೊತ್ತು ಮೇಲೆ ನೋಡಿ ಬರೆದರು: “ಪುಸ್ತಕಗಳಿಗೆ ಯಾವುದೇ ಹಾನಿ ಉಂಟಾಗಿರುವುದಿಲ್ಲ.”

ಬಾವಿಗಿಳಿದ ರಾಜಕುಮಾರಿ

ಇವರನ್ನೆಲ್ಲ ನೋಡಿದ ಮೇಲೆ ನನಗೂ ಧೈರ್ಯ ಬಂತು. ಇವರಷ್ಟು ಕೆಡಿಸಲು ನನ್ನಿಂದಲೂ ಆದೀತು ಅನ್ನಿಸಿತು.

ಬೆಳಿಗ್ಗೆ ಪೇಪರಿಗೆ ಬರುವ ಐವರಲ್ಲಿ ಒಬ್ಬರು ನಿವೃತ್ತ ಮಾಸ್ತರರು. ಮನೆಯಲ್ಲಿ ಉರ್ದು, ಹೊರಗೆ ಅಚ್ಚ ಕನ್ನಡ. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ಅವರನ್ನು ಹಿಡಿದು ದೀಪಾವಳಿ ರಜೆಯಲ್ಲಿ ಮಕ್ಕಳಿಗೆ ಉಚಿತ ಕತೆ ಹೇಳಿಸಿದೆ. ಚಾಚಾ ದಿನಕ್ಕೆ ಅರ್ಧ ತಾಸು ಹೇಳಿ, ರಾಜಕುಮಾರಿ ಬಾವಿಗೆ ಇಳಿದು ಹಗ್ಗ ಕಡಿದು ಬೀಳುವಂಥ ಹೊತ್ತಿಗೆ ಸರಿಯಾಗಿ ಕನ್ನಡಕ ತೆಗೆದು ಡಬ್ಬಿಗೆ ಹಾಕಿಬಿಡುತ್ತಿದ್ದರು. ಮರುದಿನ ಅಂಗಳ ತುಂಬ ಮಕ್ಕಳು.

ಒಂದು ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಒಬ್ಬರು ಮೆಟ್ಟಿಲ ಮೇಲೆ ಕುಳಿತಿದ್ದರು. ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಗಟ್ಟಿ ಆಳು, ದೊಡ್ಡ ಮೀಸೆ. ಮುಖ ನೋಡಿದರೆ ಜಗಳಕ್ಕೇ ಬಂದಂತಿತ್ತು.

“ಅಕ್ಕಾರ, ಆ ರಾಜಾನ ಮಗಳು ಬಾವ್ಯಾಗಿಂದ ಎದ್ದಳೇನ್ರಿ?”

“ಯಾಕ್ರಿ?”

“ನಮ್ಮ ಹುಡುಗಿ ಊಟಾ ಬಿಟ್ಟೈತ್ರಿ. ಅದ ಧ್ಯಾನ. ಒಂದ್ ಮಾತ ಹೇಳಿಬಿಡ್ರಿ, ಹೋಗಿ ಸಮಾಧಾನ ಮಾಡತೇನಿ.”

ಪಾಪ ಅನ್ನಿಸಿತು. “ಇವತ್ತ ಸಂಜೀಗೆ ಎಬ್ಬಸ್ತಾರಂತ. ಹುಡುಗೀನ ಕರಕೊಂಡ ಬರ್ರಿ, ಮುಂದ ಕುಂದ್ರಿಸ್ತೇನಿ,” ಎಂದೆ.

ಅವರು ಟೊಂಕದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡರು. “ಹುಡುಗಿ ಎಲ್ಲೈತ್ರಿ? ಅಜ್ಜಿ ಮನೀಗಂತ ಗುತ್ತಲಕ್ಕ ಹೋಗಿ ಮೂರ ದಿನಾ ಆತು. ನಾ ಒಬ್ಬನ ಬಂದ್ರ ಮುಂದ ಕುಂದ್ರಿಸ್ತೀರೇನ್ರಿ?”

ಸಾಹೇಬರು ಬಂದರು

ರಜೆ ಮುಗಿಯಿತು, ಮಕ್ಕಳು ಸಾಲೆಗೆ ಹೋದರು, ಕೋಣೆ ಮತ್ತೆ ಬಣಬಣ. ಜನವರಿಯಲ್ಲಿ ಫೋನು ಬಂತು: ಇನ್ನು ಹತ್ತು ದಿನಕ್ಕೆ ಮಧ್ಯಾಹ್ನ ಮೂರಕ್ಕೆ ಸಾಹೇಬರು ಬರುತ್ತಾರೆ. ಆ ಹೊತ್ತಿನಲ್ಲಿ ನಮ್ಮಲ್ಲಿ ಹಲ್ಲಿ ಕೂಡ ಲೊಚಗುಟ್ಟುವುದಿಲ್ಲ. ಹೋಗಿ ಚಾಚಾರ ಮುಂದೆ ಹೇಳಿಕೊಂಡೆ.

ಚಾಚಾ ಹೇಳಿದರು, “ಬೇಟೀ, ಹಿತ್ತಲ ಗೋದಾಮಿನ್ಯಾಗ ಇಪ್ಪತ್ತ ಮಂದಿ ಹೆಣ್ಣಮಕ್ಕಳು ದಿನಾ ಮೆಣಸಿನಕಾಯಿ ತೊಟ್ಟು ಬಿಡಸ್ತಾರ. ಕೈಗೆ ಕೆಲಸ ಐತಿ, ಕಿವಿ ಖಾಲಿ ಅದಾವ.”

ಕೆಲಸ ಬಿಟ್ಟು ಬರಲು ಅವರಿಗೆ ಆಗುವುದಿಲ್ಲ. ಗೋದಾಮಿನ ಸಾಹುಕಾರರನ್ನು ಕೇಳಿದೆವು. “ಎಲ್ಲಿ ಕುಂತ ಬಿಡಿಸಿದರೇನು, ಒಯ್ರಿ,” ಎಂದರು. ಮರುದಿನದಿಂದ ಮಧ್ಯಾಹ್ನ ಎರಡಕ್ಕೆ ಚೀಲಗಳ ಸಮೇತ ಹೆಂಗಸರು ನಮ್ಮ ಕೋಣೆಗೆ ಬಂದರು. ಅಂಗಳದಲ್ಲಿ ಬಿಸಿಲು, ಹಾಗಾಗಿ ಒಳಗೇ ತಾಡಪತ್ರಿ ಹಾಸಿದೆವು. ಚಾಚಾ ಓದುತ್ತಿದ್ದರು, ಅವರು ತೊಟ್ಟು ಬಿಡಿಸುತ್ತ ಕೇಳುತ್ತಿದ್ದರು. “ಆ ಅತ್ತೀಗೆ ಸೊಸಿ ತಿರಗಿ ಅಂದದ್ದು ಇನ್ನೊಮ್ಮೆ ಓದ್ರಿ,” ಎಂದು ಕೇಳಿ ಓದಿಸಿಕೊಳ್ಳುತ್ತಿದ್ದರು. ನಾನು ಅಷ್ಟು ಸುಖವಾಗಿ ಆ ಕುರ್ಚಿಯಲ್ಲಿ ಹಿಂದೆಂದೂ ಕುಳಿತಿರಲಿಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ನಮಗೆಲ್ಲ ಅಭಿಮಾನ. ಘಾಟಿನ ಮಾತು ನಾವು ಆಡುವುದಿಲ್ಲ, ಏಕೆಂದರೆ ಹುಟ್ಟಿದಾಗಿನಿಂದ ಅದರಲ್ಲೇ ಉಸಿರಾಡುವ ನಮಗೆ ಅದು ಹತ್ತುವುದೇ ಇಲ್ಲ.

ಸಾಹೇಬರು ಮೈಸೂರು ಕಡೆಯವರು, ಬ್ಯಾಡಗಿಗೆ ಮೊದಲ ಸಲ ಬಂದಿದ್ದರು. ಬಾಗಿಲಲ್ಲೇ ನಿಂತು ಕೇಳಿದರು, “ಇದೇನಮ್ಮಾ, ಗ್ರಂಥಾಲಯವೋ ಗೋದಾಮೋ?”

“ಗ್ರಂಥಾಲಯ ಸರ್. ಉಚಿತ ವಾಚನ ನಡದೈತ್ರಿ.”

“ಓದ್ತಿರೋರು ಎಷ್ಟು ಜನ?”

“ಒಬ್ಬರು ಸರ್. ಉಳದವರು ಕೇಳತಾರ್ರಿ.”

“ಕೇಳೋರನ್ನ ಓದುಗರು ಅಂತ ಬರೆಯೋಕೆ ಆಗಲ್ಲಮ್ಮ,” ಎಂದು ಕುರ್ಚಿಯಲ್ಲಿ ಕುಳಿತು ಫೈಲು ಬಿಚ್ಚಿದರು. ಏನು ಮಾಡಲೂ ತಿಳಿಯದೆ, ದೊಡ್ಡವರು ಬಂದಾಗ ಮಾಡುವ ಮರ್ಯಾದೆ ಎಂದು ಎದ್ದು ಹೋಗಿ ಫ್ಯಾನು ಹಾಕಿದೆ.

ಮೆಣಸಿನಕಾಯಿ ಒಳಗೆ ಬಂದಾಗಿನಿಂದ ಆ ಕೋಣೆಯಲ್ಲಿ ಫ್ಯಾನು ತಿರುಗಿರಲಿಲ್ಲ.

ಸಾಹೇಬರು ಎದ್ದು ನಿಂತು ಹೆಂಗಸರಿಗೆ ತಿಳಿಸಿ ಹೇಳಲು ಶುರು ಮಾಡಿದರು. “ನೋಡ್ರಮ್ಮಾ, ಈ ಶಾಖೆಯನ್ನ ಮುಚ್ಚುವ ವಿಷಯವಾಗಿ...” ಅಲ್ಲಿಗೆ ದನಿ ಕಟ್ಟಿತು. ಮತ್ತೆ ಶುರು ಮಾಡಿದರು. “ಮುಚ್ಚುವ ವಿಷಯವಾಗಿ...” ಕಣ್ಣಿಂದ ನೀರು ಇಳಿಯಿತು. ಕರ್ಚೀಫು ತೆಗೆದು ಮೂಗಿಗೆ ಹಿಡಿದರು. ಹೆಗಲು ಕುಲುಕಾಡಿತು.

ಇಪ್ಪತ್ತು ಜೊತೆ ಕೈ ನಿಂತವು. ಘಾಟು ಎಂದು ಅವರಿಗೆ ಹೊಳೆಯುವಂತೆಯೇ ಇರಲಿಲ್ಲ. ಅವರು ಕಂಡದ್ದು ಇಷ್ಟೇ: ದೊಡ್ಡ ಸಾಹೇಬರೊಬ್ಬರು ‘ಮುಚ್ಚುವ’ ಎಂಬ ಮಾತು ಬಾಯಿಗೆ ಬಂದ ಕೂಡಲೇ ಅಳುತ್ತಿದ್ದಾರೆ.

ಅವರಲ್ಲೆಲ್ಲ ಹಿರಿಯಳಾದ ಮುದುಕಿ ಎದ್ದು ಹತ್ತಿರ ಬಂದಳು. “ಯಪ್ಪಾ ಸಾಹೇಬ್ರ, ನಿಮಗ ಮುಚ್ಚಾಕ ಮನಸ ಇಲ್ಲಂದಮ್ಯಾಲೆ ಯಾಕ ಮುಚ್ಚತೀರಿ?”

“ಅದಲ್ಲಮ್ಮಾ, ಇದು ಮೆಣಸಿ...” ಅಷ್ಟರಲ್ಲಿ ಸಾಲಾಗಿ ಸೀನು ಬಂದವು.

“ತಿಳೀತು. ಮ್ಯಾಲಿನವರು ಹೇಳಿದ್ದು ಮಾಡಬೇಕಾಗತೈತಿ, ಏನ ಮಾಡತೀರಿ. ಅಳಬ್ಯಾಡ ನನ್ನಪ್ಪಾ,” ಎಂದು ಮುದುಕಿ ಬಹುವಚನ ಬಿಟ್ಟು, ತನ್ನ ಸೆರಗಿನಿಂದ ಅವರ ಎರಡೂ ಕಣ್ಣನ್ನು ಒತ್ತಿ ಒರೆಸಿದಳು. ಬೆಳಗಿನಿಂದ ಆ ಸೆರಗಿನಲ್ಲೇ ಮೆಣಸಿನಕಾಯಿ ಕಟ್ಟಿಕೊಂಡಿದ್ದಳು.

ಮುಂದಿನದನ್ನು ಹೇಳಬಾರದು. ಸಾಹೇಬರು ಕೋಣೆಯೊಳಗೇ ಎರಡು ಸುತ್ತು ತಿರುಗಿದರು. ಫ್ಯಾನು ಆರಿಸೋಣ ಎಂದು, ದೇವರಾಣೆ, ನನ್ನ ಕೈ ಸ್ವಿಚ್ಚಿನ ತನಕ ಹೋಗಿತ್ತು. ಹೋಗಿ ಅಲ್ಲೇ ನಿಂತಿತು.

“ಸಾಹೇಬ್ರ, ಭಾಳ ಸಾಫ್ ದಿಲ್ ಐತಿ ನಿಮ್ದು,” ಎಂದರು ಚಾಚಾ, ಮುಖದ ಗೆರೆ ಕದಲಿಸದೆ.

ಮುದುಕಿ ಇನ್ನೊಮ್ಮೆ ಸೆರಗು ಎತ್ತಿದಳು. ಸಾಹೇಬರು ಎರಡೂ ಕೈ ಮುಂದೆ ಚಾಚಿ ಕೂಗಿದರು, “ಮುಚ್ಚಲ್ಲಮ್ಮಾ, ಮುಚ್ಚಲ್ಲ. ಮೊದಲು ನೀರು ಕೊಡಿ.”

ಒಂದು ಕೊಡ ನೀರು ಮುಖಕ್ಕೆ ಹಾಕಿಕೊಂಡು, ಅಂಗಳದಲ್ಲಿ ಒಂದು ತಾಸು ಕುಳಿತರು. ಇಪ್ಪತ್ತು ಹೆಂಗಸರ ಎದುರು ಆಡಿದ ಮಾತು ಹಿಂದೆ ತಗೊಳ್ಳುವುದು ಅವರಿಗೂ ಕಷ್ಟವಾಗಿರಬೇಕು. ಕೆಂಪು ಕಣ್ಣಲ್ಲೇ ರಿಜಿಸ್ಟರ್ ತರಿಸಿ, ತಾವೇ ಬರೆದು ಸಹಿ ಮಾಡಿದರು: “ಸಾರ್ವಜನಿಕರಿಗೆ ಗ್ರಂಥಾಲಯದ ಬಗ್ಗೆ ಬಹಳ ಪ್ರೀತಿ ಇದೆ. ಶಾಖೆ ಮುಂದುವರಿಯಲಿ. ಕಾರ್ಯಕ್ರಮಗಳನ್ನು ಗಾಳಿ ಆಡುವ ಸ್ಥಳದಲ್ಲಿ ನಡೆಸತಕ್ಕದ್ದು.” ಅವರ ಬಸ್ಸು ಮುಖ್ಯ ರಸ್ತೆ ದಾಟುವ ತನಕ ನಾನು ಬಾಗಿಲಲ್ಲೇ ನಿಂತು ನೋಡಿದೆ. ಆಮೇಲೆ ಬೆಂಚಿನ ಮೇಲೆ ಕುಸಿದು, ನಕ್ಕು ನಕ್ಕು ನನ್ನ ಕಣ್ಣಲ್ಲೂ ನೀರು ಬಂತು. ಎದೆಯ ಮೇಲಿನ ಚೀಲ ಯಾರೋ ಇಳಿಸಿಕೊಂಡಂತೆ ಹಗುರಾಗಿತ್ತು.

ಮುದುಕಿ ಮತ್ತೆ ತಾಡಪತ್ರಿಯ ಮೇಲೆ ಕುಳಿತು ಒಂದು ಮೆಣಸಿನಕಾಯಿ ಎತ್ತಿಕೊಂಡು ಹೇಳಿದಳು: “ಪಾಪ, ಭಾಳ ಮೆತ್ತಗಿನ ಮನಸ. ಇಂಥವರ ಕೈಯಾಗ ಮುಚ್ಚೂ ಕೆಲಸಾ ಯಾಕರ ಕೊಡತಾರೋ. ಹಿಂಗ ಊರೂರಿಗೆ ಹೋಗಿ ಅತ್ತಗೋಂತ ಕುಂತ್ರ ಮೈಯಾಗ ಏನ ಉಳದೀತು?”